ದಿಬ್ಬದ ಹೊಲಕ್ಕೆ ಬೋರ್ ಕೊರ್ಸೋ ಮುಂಚೆ

ಮಗಾ,

ನಿಮ್ಮಪ್ಪ ಫೋನ್ ಮಾಡಿದ್ದ. ದಿಬ್ಬದ ಹೊಲದಲ್ಲಿ ಎರಡೆಕರೆ ಅಡಿಕೆ ಹಾಕ್ಬೇಕು ಅಂತ ಬೋರ್ ಗಾಡಿಯವ್ರಿಗೆ ಅಡ್ವಾನ್ಸ್ ಕೊಟ್ಟಿದ್ದೀಯಂತೆ. ಫೋನ್ ಮಾಡಿದ್ರೆ ಮೀಟಿಂಗಲ್ಲಿದ್ದೀನಿ ದೊಡ್ಡಪ್ಪ ಅಂತೀಯ, ಅದ್ಕೆ ವಾಟ್ಸಾಪಲ್ಲೇ ಉದ್ದುಕ್ಕೆ ಬರೀತಾ ಇವ್ನಿ, ರಾತ್ರಿ ಊಟ ಆದ್ಮೇಲೆ ಪೂರ್ತಿ ಓದು. ಬೇಸಾಯ ಬ್ಯಾಡ ಅಂತಿಲ್ಲ ಕಣಪ್ಪ, ಬೆಂಗಳೂರಲ್ಲಿದ್ರೂ ಭೂಮಿ ಮೇಲೆ ಆಸೆ ಇಟ್ಕಂಡಿದ್ದೀಯಲ್ಲ, ನಂಗೆ ಅಷ್ಟೇ ಸಾಕು. ಆದ್ರೆ ಅಡಿಕೆ ಬ್ಯಾಡ, ಬೋರಂತೂ ಬ್ಯಾಡವೇ ಬ್ಯಾಡ.

ಟಿವಿಲಿ ಕೆಆರ್‌ಎಸ್ 124.80 ಅಡಿ ತುಂಬ್ತು ಅಂದಾಗೆಲ್ಲ ನೀನು ಮಂಡ್ಯದಲ್ಲಿ ಒಳ್ಳೆ ಮಳೆ ಅಂದ್ಕಂಡ್ಬಿಡ್ತೀಯ. ಅದು ಕೊಡಗಿನ ಮಳೆ ಮಗ. ಅರಬ್ಬಿ ಸಮುದ್ರದಿಂದ ಬರೋ ಮೋಡನೆಲ್ಲ ಘಟ್ಟವೇ ಹಿಂಡ್ಕಂಡ್ಬಿಡ್ತದೆ, ನಾಗಮಂಗಲದ ಕಡೆ ಬರೋ ಹೊತ್ಗೆ ಜೂನ್ ಜುಲೈಲಿ ಬರೀ ಗಾಳಿ, ಎರಡು ಹನಿ ಜಡಿ. ನಮ್ಗೆ ನಿಜವಾದ ಮಳೆ ಅಂದ್ರೆ ಮೇ ತಿಂಗಳಲ್ಲೊಂದ್ಸಲ, ಆಮೇಲೆ ಸೆಪ್ಟೆಂಬರ್ ಅಕ್ಟೋಬರಲ್ಲಿ, ಎಲ್ಲ ಸೇರ್ಸಿದ್ರೂ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ಕೆಆರ್‌ಎಸ್ ನೀರು ತರೋ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿ ಮಂಡ್ಯ ಮದ್ದೂರಿಗೆ ಹೋಯ್ತದೆ, ನಮ್ ದಿಬ್ಬ ಹತ್ತಿ ಬರಲ್ಲ. ಅಡಿಕೆ ಮಲೆನಾಡ ಮರ, ಬೇಸಿಗೇಲಿ ಡ್ರಿಪ್ ಹಾಕಿದ್ರೂ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು, ಎಕರೆಗೆ 500 ಗಿಡ ಅಂದ್ರೂ ನೀನೇ ಲೆಕ್ಕ ಹಾಕು, ಒಂದೆಕರೆಗೇ ದಿನಾ ಎಂಟರಿಂದ ಹತ್ತು ಸಾವ್ರ ಲೀಟರ್ ಎಲ್ಲಿಂದ ತರ್ತೀಯ?

ಆ ಹೊಲದಲ್ಲಿ ನಾನು ಮೂರು ಬೋರ್ ಕೊರ್ಸಿದ್ದೀನಿ. ಮೊದಲ್ನೇದು 180 ಅಡಿಗೇ ಎರಡಿಂಚು ನೀರು ಕೊಡ್ತು, ಆರು ವರ್ಷ ಕುಡಿದ್ವಿ, ಒಣಗೋಯ್ತು. ಎರಡನೇದು 620 ಅಡಿ, ಒಂದು ಬೇಸಿಗೆ ದಾಟಲಿಲ್ಲ. ಮೂರನೇದ್ರ ರಾತ್ರಿ ಈಗ್ಲೂ ಕಣ್ಮುಂದೆ ಅದೆ. ಎರಡು ಗಂಟೆ ಹೊತ್ತು, 850 ಅಡಿ ಹೋಗಿತ್ತು, ಬೂದಿ ಬಣ್ಣದ ಧೂಳು ಹುಣಸೆ ಮರದ ಎಲೆ ಮೇಲೆಲ್ಲ ಕೂತಿತ್ತು, ನಿಮ್ ದೊಡ್ಡಮ್ಮ ಆ ಧೂಳನ್ನ ಅಂಗೈಲಿ ಇಟ್ಕಂಡು ತ್ಯಾವ ಐತಾ ಅಂತ ಹಿಸುಕಿ ಹಿಸುಕಿ ನೋಡ್ತಾ ನಿಂತಿದ್ಲು. ಅವಳ ಎರಡೆಳೆ ಸರ ಅಡ ಇಟ್ಟು ಕೊರ್ಸಿದ್ದು ಅದು. ಬಿಡ್ಸೋಕೆ ನಾಲ್ಕು ವರ್ಷ ಆಯ್ತು.

ಆಮೇಲೆ ಭೂವಿಜ್ಞಾನ ಗೊತ್ತಿರೋ ಒಬ್ಬರು ಬಂದಾಗ ಕೇಳ್ದೆ. ಕೇಸಿಂಗ್, ಅಂದ್ರೆ ಮೇಲಿನ ಮೆತ್ತನೆ ಮಣ್ಣು ಕುಸೀದಂಗೆ ಗಟ್ಟಿ ಕಲ್ಲಿನ ತನಕ ಇಳ್ಸೋ ಪೈಪು, ಎಷ್ಟು ಇಳೀತು ಅಂದ್ರು, 60 ಅಡಿ ಅಂದೆ. ಅಷ್ಟೇ ಗೌಡ್ರೇ ನಿಮ್ಮ ಟ್ಯಾಂಕು ಅಂದ್ರು. ಮೇಲೆ ಕೆಮ್ಮಣ್ಣು, ಅದ್ರಡಿ ಗರಸು, ಅಂದ್ರೆ ಶಿಥಿಲವಾಗಿ ಪುಡಿಯಾದ ಕಲ್ಲು, ಅಲ್ಲಿಂದಾಚೆಗೆ ನೈಸ್ ಅಂತಾರಲ್ಲ ಆ ಕಲ್ಲು, 300 ಕೋಟಿ ವರ್ಷದ ಹಳೇದು, ಸ್ಪಂಜಿನ ತರ ನೀರು ಹಿಡಿಯಲ್ಲ, ಬಿರುಕಿದ್ರೆ ಉಂಟು ಇಲ್ದಿದ್ರೆ ಇಲ್ಲ, ಆಳಕ್ಕೆ ಹೋದಂಗೆ ಬಿರುಕೂ ಕಮ್ಮಿ. ಗರಸು ತುಂಬೋದು ಮಳೆಯಿಂದ, ಕೆರೆ ಕಟ್ಟೆಯಿಂದ. ಊರ ಮುಂದಿನ ಕಟ್ಟೇಲಿ ಹೂಳು ತುಂಬಿದ್ಮೇಲೇ ನನ್ ಮೊದಲ್ನೇ ಬೋರು ಸತ್ತಿದ್ದು ಅಂತ ಆಗ ಹೊಳೀತು. ಮಳವಳ್ಳಿ ಕಡೆ ದಾಸನದೊಡ್ಡಿ ಕಾಮೇಗೌಡ್ರು ಕುರಿ ಮೇಯಿಸ್ತಾ ಕುಂದೂರು ಬೆಟ್ಟದಲ್ಲಿ ಕಟ್ಟೆ ಮೇಲೆ ಕಟ್ಟೆ ತೋಡಿದ್ರಲ್ಲ, ಕಲ್ಲು ಮಣ್ಣು ಓದ್ಕಂಡಿದ್ದೋರು ಅಂದ್ರೆ ಅವ್ರು.

ಅಲ್ಲಾಪಟ್ಟಣದ ಹತ್ರ ಬ್ಯಾಟರಿಗೆ ಹಾಕೋ ಲಿಥಿಯಂ 1,600 ಟನ್ ಐತಂತೆ, ನಮ್ ಜಮೀನಿಗೂ ರೇಟ್ ಬತ್ತದೆ ಅಂತ ಕಳ್ಸಿದ್ದೆಯಲ್ಲ, ಅದು ಶ್ರೀರಂಗಪಟ್ಟಣದ ಕಡೆ ಮಗ, ಅದನ್ನ ನಂಬ್ಕಂಡು ಸಾಲ ಮಾಡ್ಬೇಡ.

ನಮ್ಗೆ ಬರೋ ಮಳೇನೇ ನೋಡು. ಒಂದೆಕರೆ ಮೇಲೆ 700 ಮಿಲಿಮೀಟರ್ ಅಂದ್ರೆ 28 ಲಕ್ಷ ಲೀಟರ್, ಅದ್ರಲ್ಲಿ ಎಷ್ಟೋ ಪಾಲು ಕೆಂಪಗೆ ಮಣ್ಣು ಹೊತ್ಕಂಡು ಲೋಕಪಾವನಿ ಹೊಳೆ ಸೇರ್ತದೆ. ಕೆಳಗಿನ ಮೂಲೇಲಿ ಒಂದು ಕೃಷಿ ಹೊಂಡ ತೋಡ್ಸು, ಇಳಿಜಾರಿಗೆ ಅಡ್ಡ ಬದು ಹಾಕ್ಸು. ರಾಗಿ ಜೊತೆ ಅವರೆ ಸಾಲು, ಬದಿನ ಮೇಲೆ ಹುಣಸೆ, ಹೊಂಗೆ, ಮೇಲ್ಗಡೆ ಹತ್ತಿಪ್ಪತ್ತು ಮಾವು. ಮೊದಲ ಎರಡು ವರ್ಷ ಕೊಡದಲ್ಲಿ ನೀರು ಹುಯ್ಯಕ್ಕೆ ನಾನಿವ್ನಿ.

ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತಾರೆ, ಇನ್ನು ಹತ್ತು ದಿನಕ್ಕೆ ಭರಣಿ ಹುಟ್ತದೆ. ಮೋಡ ಕಟ್ಟಿದ ದಿನ ಫೋನ್ ಮಾಡ್ತೀನಿ, ರಜ ಹಾಕಿ ಬಂದ್ಬಿಡು, ಮಳೇಲೇ ಹೊಲದಲ್ಲಿ ನಿಂತು ನೀರು ಎಲ್ಲಿಂದ ಎಲ್ಲಿಗೆ ಹೋಯ್ತದೆ ನೋಡಿ ಗೂಟ ನೆಡೋಣ. ಅಲ್ಲಿಗಂಟ ಬೋರ್ ಗಾಡಿಯವ್ರಿಗೆ ಬರ್ಬೇಡಿ ಅಂತ ಹೇಳು, ಅಡ್ವಾನ್ಸ್ ವಾಪಸ್ ಕೊಡ್ದಿದ್ರೆ ಹೋಗ್ಲಿ, ಅದನ್ನ ನಾನು ಕೊಡ್ತೀನಿ.

ನಿನ್ನ ದೊಡ್ಡಪ್ಪ