ತಟ್ಟೆ ಸವೆದೀತೆಂಬ ಭಯಕ್ಕೆ ಒಂದು ಪತ್ರ

ಚಿ. ಅನಿಕೇತನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಅಜ್ಜನ ಹಳೆಯ ಗ್ರಾಮಫೋನ್ ತಟ್ಟೆಗಳ (ರೆಕಾರ್ಡುಗಳ) ಪೆಟ್ಟಿಗೆ ನಿನ್ನ ಪಾಲಿಗೆ ಹೇಗೆ ಬಂತು, ಯಾರು ಏನಂದರು ಅನ್ನುವುದೆಲ್ಲ ಇಬ್ಬರಿಗೂ ಗೊತ್ತಿರುವುದೇ, ಬಿಡು. ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಮುಳ್ಳು ಇಟ್ಟಷ್ಟೂ ತಟ್ಟೆ ಸವೆಯುತ್ತದೆ, ಮುಟ್ಟದೆ ಇಡುವುದೇ ವಾಸಿಯೇನೋ ಅಂತ. ಅದು ಮನಸ್ಸಿನಲ್ಲಿ ಕೂತುಬಿಟ್ಟಿತು ಕಣೋ.

ಸವೆತ ಸುಳ್ಳಲ್ಲ. ಆದರೆ ಸವೆಸಿದ್ದು ಕೀ ಕೊಡುವ ಹಳೆಯ ಗ್ರಾಮಫೋನು. ಅದರ ಸೌಂಡ್‌ಬಾಕ್ಸು, ಅಂದರೆ ಮುಳ್ಳು ಸಿಕ್ಕಿಸುವ ತಲೆ, ನೂರು ಗ್ರಾಂಗೂ ಮೀರಿದ ಭಾರವನ್ನು ಒಂದು ಉಕ್ಕಿನ ಮುಳ್ಳಿನ ತುದಿಗೆ ಹಾಕುತ್ತದೆ. ತಟ್ಟೆಯೂ ಬರೀ ಅರಗಲ್ಲ. ಅದರ ಬಹುಪಾಲು ಕಲ್ಲಿನ ಪುಡಿ. ಮೊದಲ ಕೆಲವು ಸುತ್ತಿನಲ್ಲೇ ಮುಳ್ಳು ಸವೆದು ಗೆರೆಯ ಆಕಾರಕ್ಕೆ ಹೊಂದಿಕೊಳ್ಳಲಿ ಅಂತಲೇ ಆ ಪುಡಿ. ಹಾಗಾಗಿ ಒಂದು ಮಗ್ಗುಲಿಗೆ ಒಂದು ಮುಳ್ಳು, ಆಮೇಲೆ ಎಸೆಯಬೇಕು ಅನ್ನುವುದು ನಿಯಮ. ನಮ್ಮ ಮನೆಯಲ್ಲಿ ಅಷ್ಟು ಧಾರಾಳ ಇರಲಿಲ್ಲ, ಒಂದೇ ಮುಳ್ಳಿನಲ್ಲಿ ಸಂಜೆಯೆಲ್ಲ ನಡೆಯುತ್ತಿತ್ತು. ಚೂಪಾದ ಅಂಚು ಬಂದ ಮುಳ್ಳು ಉಳಿಯಂತೆ ಕೆರೆಯುತ್ತದೆ. ಪೆಟ್ಟಿಗೆಯಲ್ಲಿ ಗೆರೆಗಳು ಕಪ್ಪು ಹೊಳಪು ಕಳೆದುಕೊಂಡು ಬೂದುಬಣ್ಣವಾಗಿರುವ ತಟ್ಟೆ ಕಂಡರೆ, ಅದು ಹಾಗೆ ಹೋದದ್ದು. ಗಾಯಕ ಬಿ. ಎಸ್. ರಾಜಯ್ಯಂಗಾರರ ದೇವರನಾಮದ ತಟ್ಟೆಯನ್ನು ಎಲ್ಲರೂ ಮತ್ತೆ ಮತ್ತೆ ಕೇಳಿದರು, ಅದಕ್ಕೇ ಅದರ ಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದು. ಆ ಬೇಸರ ನನಗೆ ಇವತ್ತಿಗೂ ಇದೆ.

ನೀನು ಈಗ ಕೊಳ್ಳಹೊರಟ ಕರೆಂಟಿನ ಪ್ಲೇಯರ್ ಬೇರೆ ಜಾತಿ. ಇಂದಿನ ಪಿಕಪ್ (ಮುಳ್ಳನ್ನು ಹಿಡಿದಿರುವ ಭಾಗ, ಕಾರ್ಟ್ರಿಜ್ ಅಂತಲೂ ಅನ್ನುತ್ತಾರೆ) ಎರಡರಿಂದ ಐದು ಗ್ರಾಂ ಭಾರದಲ್ಲಿ ಓಡುತ್ತದೆ, ವಜ್ರದ ತುದಿ, ನುಣುಪಾದ ದುಂಡು. ಇದರಲ್ಲಿ ಆಗುವ ಸವೆತ ನೀನು ನಿದ್ದೆಗೆಡುವಷ್ಟಲ್ಲ. ಭಯಪಡಬೇಕಾದದ್ದು ತುದಿಯ ಅಳತೆಗೆ. ಎಲ್‌ಪಿ, ಅಂದರೆ ಆಮೇಲೆ ಬಂದ ನಿಮಿಷಕ್ಕೆ 33 ಸುತ್ತಿನ ತಟ್ಟೆ, ಅದರ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. ಅಜ್ಜನವು ನಿಮಿಷಕ್ಕೆ 78 ಸುತ್ತಿನವು; 78ರ ತಟ್ಟೆಗೆ ಬೇಕಾದದ್ದು 3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ 76 ಮೈಕ್ರಾನ್. ಸಣ್ಣ ತುದಿ ಗೆರೆಯ ಗೋಡೆಗಳಿಗೆ ಆನದೆ ತಳಕ್ಕೆ ಇಳಿಯುತ್ತದೆ. ತಳದಲ್ಲಿರುವುದು ದಶಕಗಳ ಧೂಳು ಮತ್ತು ಉಕ್ಕಿನ ಪುಡಿ. ಕರಕರ ಕೇಳಿ ಜನ ಭಾರ ಹೆಚ್ಚಿಸುತ್ತಾರೆ, ತೊಂದರೆ ಶುರುವಾಗುವುದು ಅಲ್ಲಿಂದ.

ಈ ಕಾರಣಕ್ಕೇ ನೀನು ನೋಡಿಟ್ಟಿರುವ ಆ ಸೂಟ್‌ಕೇಸ್ ಪ್ಲೇಯರ್ ಬೇಡ ಮಗು. ಮೇಲೆ 78 ಅಂತ ಬರೆದಿರುತ್ತದೆ, ಒಳಗಿರುವುದು ಎಲ್‌ಪಿ ತುದಿಯೇ. ಹಿತ್ತಾಳೆ ಹಾರ್ನಿನ ಹೊಸ ಗ್ರಾಮಫೋನಂತೂ ಬೇಡವೇ ಬೇಡ.

ನನ್ನನ್ನು ಕೇಳಿದರೆ ಆಡಿಯೋ ಟೆಕ್ನಿಕಾ ಎಲ್‌ಪಿ120ಎಕ್ಸ್ ಸಾಕು. 33, 45, 78 ಮೂರೂ ಇದೆ, ವೇಗ ಹೆಚ್ಚು ಕಡಿಮೆ ಮಾಡುವ ಜಾರುಗುಂಡಿಯೂ ಇದೆ. ಅದರ ಜೊತೆ ಬರುವ ವಿಎಂ95ಇ ಕಾರ್ಟ್ರಿಜ್ಜಿನ ಮುಳ್ಳನ್ನು ತೆಗೆದು ಅದೇ ದೇಹಕ್ಕೆ ವಿಎಂ95ಎಸ್‌ಪಿ ಮುಳ್ಳು ಸಿಕ್ಕಿಸಬಹುದು. ಅದು 3 ಮಿಲ್‌ನದು. ಮುಳ್ಳು ಬದಲಿಸಿದಾಗಲೆಲ್ಲ ಹಿಂಬದಿಯ ತೂಕ ತಿರುಗಿಸಿ ತೋಳನ್ನು ಸಮತೋಲಕ್ಕೆ ತಂದು, ಆ ಮುಳ್ಳಿನ ಚೀಟಿಯಲ್ಲಿರುವ ಭಾರವನ್ನೇ ಹೊಸದಾಗಿ ಇಡು. ಕಡಿಮೆ ಭಾರ ಇಟ್ಟರೆ ತಟ್ಟೆಗೆ ಒಳ್ಳೆಯದು ಅಂದುಕೊಳ್ಳಬೇಡ: ಹಗುರವಾದ ಮುಳ್ಳು ಗೆರೆಯಲ್ಲಿ ಕುಪ್ಪಳಿಸುತ್ತದೆ, ಕುಪ್ಪಳಿಸಿದ ಮುಳ್ಳು ಒತ್ತಿ ಓಡಿದ ಮುಳ್ಳಿಗಿಂತ ಹೆಚ್ಚು ಕೆಡಿಸುತ್ತದೆ. ಯಾರಾದರೂ ಹಳೆಯ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಕೊಡುತ್ತೇನೆ ಅಂದರೆ ಯಂತ್ರ ಬಹಳ ಒಳ್ಳೆಯದು, ಆದರೆ ಅದಕ್ಕೆ 78 ಇಲ್ಲ. ಗ್ಯಾರಾರ್ಡ್ ಚೇಂಜರಿನಲ್ಲಿ (ಪೇರಿಸಿದ ತಟ್ಟೆಗಳನ್ನು ಒಂದೊಂದಾಗಿ ತಾನೇ ಬೀಳಿಸಿ ನುಡಿಸುವ ಹಳೆಯ ಯಂತ್ರ) ತಟ್ಟೆಗಳನ್ನು ಪೇರಿಸಬೇಡ. ಒಂದರ ಮೇಲೊಂದು ಬೀಳುವಾಗ ಅರಗು ಒಡೆಯಬಹುದು.

ವೇಗದ ವಿಷಯ ಸ್ವಲ್ಪ ಉದ್ದವಾದರೂ ಹೇಳಿಬಿಡುತ್ತೇನೆ. 78 ಅನ್ನುವುದು ನಿಯಮವಾಗಿ ನಿಂತದ್ದು ನಿಧಾನವಾಗಿ. ಮೊದಲ ಕಾಲದ ತಟ್ಟೆಗಳಲ್ಲಿ 75, 76ರಲ್ಲಿ ಕೊರೆದವೂ ಇವೆ. 75ರದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆಯ (ಕೀಲಿಯ) ಮೂರನೇ ಎರಡರಷ್ಟು ಮೇಲೇರಿ ಗಂಡಸಿನ ಕಂಠ ಕೀರಲಾಗುತ್ತದೆ. ನಾಟಕದ ಹಾಡಾದರೆ ಹಾರ್ಮೋನಿಯಂ ಇರುತ್ತದಲ್ಲ, ಅದು ಎರಡು ಮನೆಗಳ ನಡುವೆ ಕೇಳಿಸಿದರೆ ವೇಗ ತಪ್ಪಿರುವ ಸಾಧ್ಯತೆ ಹೆಚ್ಚು. ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟು, ಕಪ್ಪು ಒಂದೋ ಬಿಳಿ ಎರಡೋ ಯಾವುದೋ ಒಂದು ಮನೆಗೆ ಸರಿಯಾಗಿ ಕೂರುವವರೆಗೆ ಗುಂಡಿ ಜಾರಿಸು. ವೇಗ ಸರಿಯಿದೆಯೇ ಎಂದು ನೋಡಲು ಗೆರೆ ಹಾಕಿದ ಸ್ಟ್ರೋಬ್ ಚಕ್ರ ತರಿಸುವುದಾದರೆ ನಮ್ಮ 50 ಹರ್ಟ್ಸ್ ಕರೆಂಟಿನದನ್ನೇ ಕೇಳು, 77 ಗೆರೆಗಳದು. ಕೆಲವು ಎಲ್‌ಇಡಿ ಬೆಳಕಿನಲ್ಲಿ ಅದು ಕಾಣುವುದಿಲ್ಲ, ಹಳೆಯ ಬಲ್ಬ್ ಬೇಕು.

ಧ್ವನಿ ಮಂದವಾಗಿ ಕೇಳಿದರೆ ಅದನ್ನೂ ಸವೆತ ಅಂತ ಗಾಬರಿಯಾಗಬೇಡ. ಯಂತ್ರದೊಳಗಿನ ಪ್ರಿಆಂಪ್ (ಮುಳ್ಳಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗ) ಎಲ್‌ಪಿಯ ಲೆಕ್ಕದ್ದು, 10,000 ಹರ್ಟ್ಸ್ ಹತ್ತಿರ ಸುಮಾರು 14 ಡೆಸಿಬೆಲ್ ತಗ್ಗಿಸುತ್ತದೆ. ಹಳೆಯ ತಟ್ಟೆಗಳಲ್ಲಿ ಅಷ್ಟನ್ನು ಏರಿಸಿ ಕೊರೆದೇ ಇರಲಿಲ್ಲ. ಟ್ರೆಬಲ್ ಸ್ವಲ್ಪ ಏರಿಸು. ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಒತ್ತು. 78ರ ಧ್ವನಿ ಇರುವುದು ಅಡ್ಡ ಚಲನೆಯಲ್ಲಿ, ಮೇಲೆ ಕೆಳಗೆ ಆಡುವುದು ಬರೀ ಗದ್ದಲ. ಎರಡು ಚಾನೆಲ್ ಸೇರಿದಾಗ ಅದರಲ್ಲಿ ಒಂದಿಷ್ಟು ತಾನೇ ಹೋಗುತ್ತದೆ.

ಇನ್ನು ತೊಳೆಯುವುದು. ನೀನು ಹೆದರಬೇಕಾದ ಜಾಗ ನಿಜವಾಗಿ ಇದು. ಸ್ಪಿರಿಟ್, ಸ್ಯಾನಿಟೈಸರ್, ಎಲ್‌ಪಿ ತೊಳೆಯಲು ಮಾರುವ ಆಲ್ಕೋಹಾಲ್ ದ್ರಾವಣ ಯಾವುದೂ ಬೇಡ. ಅರಗು ಅದರಲ್ಲಿ ಕರಗುತ್ತದೆ, ಒಂದೇ ಸಲಕ್ಕೆ ಹೋಗುತ್ತದೆ, ಮುಳ್ಳು ವರ್ಷಗಟ್ಟಲೆ ಮಾಡದ ಕೆಲಸ ಅದು. ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಮೃದು ಸೋಪು, ಮೆತ್ತನೆಯ ಬ್ರಷ್, ಗೆರೆಯ ದಿಕ್ಕಿನಲ್ಲೇ. ಲೇಬಲ್ ಒದ್ದೆಯಾಗದಿರಲಿ. ಸೀಳು ಕಂಡ ತಟ್ಟೆಯನ್ನು ನೀರಿಗೆ ತರಬೇಡ, ಒಣ ಬ್ರಷ್ ಸಾಕು. ಉಗುರಿಗೆ ಮೆಟ್ಟಿಲಿನಂತೆ ತಾಗುವ ಸೀಳಾದರೆ ಅದರ ಮೇಲೆ ಮುಳ್ಳನ್ನೂ ಬಿಡಬೇಡ.

ಇಷ್ಟೆಲ್ಲ ಹೇಳಿ ನಿನ್ನ ತಲೆ ಕೆಡಿಸಿದೆನೋ ಏನೋ. ಆದರೂ ಇನ್ನೊಂದು. ನುಡಿಸದೆ ಇಟ್ಟರೆ ಉಳಿಯುತ್ತದೆ ಅಂದೆಯಲ್ಲ, ಗೋಡೆಯ ತೇವಕ್ಕೆ ಬೂಷ್ಟು ಬರುತ್ತದೆ, ಕಾಗದದ ಚೀಲಕ್ಕೆ ಗೆದ್ದಲು ಬರುತ್ತದೆ, ಬಿಸಿಲಿನ ಕಿಟಕಿ ಪಕ್ಕ ಒರಗಿಸಿಟ್ಟರೆ ಬಾಗುತ್ತದೆ. ನೆಟ್ಟಗೆ ನಿಲ್ಲಿಸಿಡು, ನೆರಳಲ್ಲಿಡು. ಮೊದಲ ಸಲ ನುಡಿಸುವಾಗಲೇ ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ತುಂಬಿಕೊಂಡುಬಿಡು, ಆಮೇಲೆ ಎಷ್ಟು ಸಲ ಬೇಕಾದರೂ ಅದನ್ನೇ ಕೇಳಬಹುದು, ನಿನ್ನ ಭಯಕ್ಕೂ ಸಮಾಧಾನ. ಮುಳ್ಳು ಓಡುವಾಗ ಎದ್ದು ಹೋಗಬೇಡ. ತೀರಾ ಹಳೆಯ ತಟ್ಟೆಗಳ ಕೊನೆಯಲ್ಲಿ ಹೊರಹೋಗುವ ಗೆರೆ ಇರುವುದಿಲ್ಲ, ಮುಳ್ಳು ನೇರ ಲೇಬಲ್ಲಿನ ಮೇಲೆ ಹತ್ತಬಹುದು.

ಲೇಬಲ್ ಸುತ್ತ ಗೆರೆಯಿಲ್ಲದ ಜಾಗದಲ್ಲಿ ಕೊರೆದ ಅಂಕಿ, ಅಕ್ಷರಗಳಿರುತ್ತವೆ, ಓರೆ ಬೆಳಕಿನಲ್ಲಿ ಓದಬಹುದು. ಒಂದೊಂದರದ್ದೂ ಬರೆದು ಕಳಿಸು. ಯಾವ ಕಾಲದ್ದು ಅಂತ ತಿಳಿದರೆ ವೇಗ ಎಷ್ಟಿಡಬೇಕು ಅಂತ ಹೇಳಲು ನನಗೆ ಸುಲಭ.

ಇಂತಿ,
ನಿನ್ನ ದೊಡ್ಡಮ್ಮ