ಹಳೆ ಮನೆ ಕೊಂಡವರು ಬಣ್ಣಕ್ಕೆ ಮೊದಲು ನೀರಿನ ದಾರಿ ನೋಡಲಿ

ಮಾನ್ಯ ಸಂಪಾದಕರೇ,

ಜಯನಗರ, ರಾಜಾಜಿನಗರ, ಬಸವನಗುಡಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಮೂವತ್ತು, ನಲವತ್ತು ವರ್ಷದ ಮನೆಗಳು, ಕೆಲವು ಕಡೆ ಅದಕ್ಕೂ ಹಳೆಯವು, ಕೈ ಬದಲಾಗುತ್ತಿವೆ. ನೋಂದಣಿ ಮುಗಿದ ಕೂಡಲೇ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸುತ್ತಾರೆ. ಕೆಲಸಕ್ಕೆ ಸಿಗುವುದು ಆರೆಂಟು ವಾರ. ಆ ಅವಸರದಲ್ಲಿ ಮೊದಲು ನಡೆಯುವುದು ಪುಟ್ಟಿ, ಬಣ್ಣ, ಫಾಲ್ಸ್ ಸೀಲಿಂಗ್, ನೆಲಕ್ಕೆ ಹೊಸ ಟೈಲ್ಸ್. ಮುಂದಿನ ಮಳೆಗಾಲಕ್ಕೆ ಅದರಲ್ಲಿ ಅರ್ಧವನ್ನು ಒಡೆಯಬೇಕಾಗುತ್ತದೆ. ಹಳೆ ಮನೆಯಲ್ಲಿ ಮೊದಲು ನೀರು, ಆಮೇಲೆ ಕರೆಂಟು, ಆಮೇಲೆ ಗೋಡೆ, ಕಟ್ಟಕಡೆಗೆ ಬಣ್ಣ. ಈ ಸರದಿ ತಪ್ಪಿದರೆ ಮಾಡಿದ ಖರ್ಚು ನಿಲ್ಲುವುದಿಲ್ಲ. ಹಾಲುಕ್ಕಿಸುವುದಕ್ಕೆ ಸುಣ್ಣ ಹೊಡೆದ ಗೋಡೆ ಸಾಕು; ಒಂದು ಮಳೆಗಾಲ ಕಳೆಯುವವರೆಗೆ ಮನೆಯೊಳಗಿನ ಅಲಂಕಾರಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಮಳೆಗಾಲವೆಂದು ಯಾಕೆ ಒತ್ತಿ ಹೇಳುತ್ತೇನೆಂದರೆ, ಬೆಂಗಳೂರಿನಲ್ಲಿ ಜೋರು ಮಳೆ ಮೇ ತಿಂಗಳಲ್ಲಿ ಒಮ್ಮೆ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜನವರಿಯಲ್ಲಿ ನೋಡಿದ ಮನೆ ಏನನ್ನೂ ಹೇಳುವುದಿಲ್ಲ. ಅದರಲ್ಲೂ ಮಾರಾಟಕ್ಕೆಂದೇ ಬಣ್ಣ ಹೊಡೆಸಿದ ಮನೆ ಖಂಡಿತ ಹೇಳುವುದಿಲ್ಲ.

ಗೋಡೆಯ ತೇವ ಎಲ್ಲ ಒಂದೇ ಅಲ್ಲ. ನೆಲದಿಂದ ಎರಡು ಮೂರು ಅಡಿಯವರೆಗೆ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಣ್ಣ ಚಕ್ಕೆಯೆದ್ದು, ಬಿಳಿ ಉಪ್ಪು ಬಿಟ್ಟಿದ್ದರೆ ಅದು ಪಾಯದಿಂದ ಏರಿದ ನೀರು. ಸೀಲಿಂಗಿನ ಮೂಲೆಯಲ್ಲಿ ಕಂದು ಅಂಚಿನ ಕಲೆ ಇದ್ದರೆ ತಾರಸಿಯದು. ಬೇಸಿಗೆಯಲ್ಲೂ ಒಣಗದೆ, ಬಚ್ಚಲಿನ ಇನ್ನೊಂದು ಮಗ್ಗುಲಲ್ಲಿ ಕಾಣಿಸಿಕೊಂಡರೆ ಒಡೆದ ಪೈಪು. ಅನುಮಾನವಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ, ಗೋಡೆಯ ಕಡೆ ಕೂತಿದ್ದರೆ ನೀರು ಗೋಡೆಯೊಳಗಿನದು. ಹಾಳೆಯ ಮುಂದೆ, ಕೋಣೆಯ ಕಡೆ ಕೂತಿದ್ದರೆ ಅದು ಅಡುಗೆಯ ಆವಿ, ಒಣಹಾಕಿದ ಬಟ್ಟೆಯ ಪಸೆ. ಕಿಟಕಿ ತೆರೆದಿಟ್ಟರೆ ಹೋಗುತ್ತದೆ. ಹತ್ತು ರೂಪಾಯಿಯ ಈ ಪರೀಕ್ಷೆ ಮಾಡದೆ ಸಾವಿರಾರು ರೂಪಾಯಿಯ ವಾಟರ್‌ಪ್ರೂಫ್ ಬಣ್ಣ ಬಳಿಸಬೇಡಿ.

ಪಾಯದಿಂದ ಏರುವ ನೀರಿಗೆ ನಮ್ಮ ಊರಿನಲ್ಲಿ ಒಂದು ವಿಶೇಷ ಕಾರಣವಿದೆ, ಅದು ರಸ್ತೆ. ಹಳೆ ಡಾಂಬರನ್ನು ಕೆತ್ತದೆ ಅದರ ಮೇಲೆಯೇ ಹೊಸದನ್ನು ಹಾಕುವ ರೂಢಿಯಿಂದ ಒಂದೊಂದು ಸಲಕ್ಕೂ ರಸ್ತೆ ಒಂದೂವರೆ ಇಂಚಿನಷ್ಟು ಮೇಲೇರುತ್ತದೆ. ಐದು ಸಲ ಹಾಕಿದರೆ ಅರ್ಧ ಅಡಿಗೂ ಹೆಚ್ಚು. ಮನೆಯವರು ಅದಕ್ಕೆ ಸರಿಯಾಗಿ ಕಾಂಪೌಂಡಿನೊಳಗೂ ಮಣ್ಣು ತುಂಬಿ ಟೈಲ್ಸ್ ಹಾಕಿಸುತ್ತಾರೆ. ರಸ್ತೆಯಿಂದ ಎರಡಡಿ ಎತ್ತರಕ್ಕೆ ಕಟ್ಟಿದ್ದ ಮನೆ ಕೊನೆಗೆ ಒಂದು ಮೆಟ್ಟಿಲಿಗೆ ಬಂದು ನಿಲ್ಲುತ್ತದೆ. ಪಾಯದ ಮೇಲೆ ನೀರು ತಡೆಯಲೆಂದು ಹಾಕಿದ್ದ ಡಿಪಿಸಿ ಪದರ ಮಣ್ಣಿನಡಿ ಹೂತುಹೋಗುತ್ತದೆ, ನೀರು ಅದನ್ನು ಬಳಸಿಕೊಂಡು ಇಟ್ಟಿಗೆಗೆ ಹತ್ತುತ್ತದೆ. ಒಳಗಿನಿಂದ ಎಷ್ಟು ಬಳಿದರೂ ಇದಕ್ಕೆ ಪರಿಹಾರವಿಲ್ಲ. ಹೊರಗೋಡೆಯುದ್ದಕ್ಕೂ ಒಂದೂವರೆ ಅಡಿ ಅಗಲಕ್ಕೆ ಟೈಲ್ಸ್ ಕಿತ್ತು, ಮನೆಯ ನೆಲಮಟ್ಟದಿಂದ ಕನಿಷ್ಠ ಆರು ಇಂಚು ಕೆಳಗೆ ಹೋಗುವಂತೆ ಮಣ್ಣು ತೆಗೆಸಬೇಕು. ಗೋಡೆಗೆ ತಾಗಿ ಒಂದಡಿ ಜಲ್ಲಿ ಬಿಟ್ಟು, ಉಳಿದ ಅಂಗಳಕ್ಕೆ ನಾಲ್ಕು ಅಡಿಗೆ ಒಂದು ಇಂಚಿನಂತೆ ಹೊರಗೆ ವಾಟ ಕೊಡಿಸಬೇಕು. ಗೇಟಿನ ಒಳಗೆ ಅಡ್ಡಲಾಗಿ ಕಬ್ಬಿಣದ ಜಾಲರಿಯ ಮೋರಿಯೊಂದಿದ್ದರೆ ರಸ್ತೆಯ ನೀರು ಅಲ್ಲಿಗೇ ನಿಲ್ಲುತ್ತದೆ.

ಆಮೇಲೆ ಗೋಡೆ. ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಪ್ಲಾಸ್ಟರಿಂಗ್ ಕಿತ್ತು ಇಟ್ಟಿಗೆಯನ್ನು ಬರಿದೇ ಬಿಡಬೇಕು. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಒದ್ದೆ ಗೋಡೆ ಒಣಗಲು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಕಸುಬಿನವರ ಲೆಕ್ಕ. ಅಷ್ಟು ಕಾಯಲಾಗದವರು ಕೊನೇ ಪಕ್ಷ ಒಂದು ಬೇಸಿಗೆಯ ಬಿಸಿಲಾದರೂ ಕಾಣಿಸಿ. ಸುಣ್ಣದ ಗಾರೆಯಲ್ಲೋ ಮಣ್ಣಿನಲ್ಲೋ ಕಟ್ಟಿದ ಗೋಡೆಗೆ ಸಿಮೆಂಟ್ ಹೊಡೆಸುವುದೇ ದೊಡ್ಡ ತಪ್ಪು. ಸಿಮೆಂಟಿನ ಕೆಳಗೆ ನೀರು ಸಿಕ್ಕಿಬಿದ್ದು, ಹೊರಬರಲು ದಾರಿಯಿಲ್ಲದೆ ಮೇಲೇರುತ್ತದೆ. ಮೂರಡಿಗೆ ಇದ್ದ ತೇವ ಐದಡಿಗೆ ಬರುವುದು ಹೀಗೆ. ಅಂಥ ಗೋಡೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಹಾಕಿಸಿ, ಮೇಲೆ ಸುಣ್ಣವನ್ನೇ ಬಳಿಸಿ. ಸುಣ್ಣ ಚೆನ್ನಾಗಿ ಅರಳಿ ಎರಡು ವಾರವಾದರೂ ನೆನೆದಿರಬೇಕು. ಅರಳದ ಹರಳು ಉಳಿದರೆ ಗೋಡೆಯಲ್ಲಿ ಅದು ಆಮೇಲೆ ಅರಳಿ ಗುಳ್ಳೆಯೆದ್ದು ಸಿಡಿಯುತ್ತದೆ. ಈ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಕಡಿಮೆ. ಆದರೂ ಹುಡುಕುವುದು ಸಾರ್ಥಕ.

ತಾರಸಿಗೆ ಬಂದರೆ, ಮೊದಲು ಅದು ಯಾವ ತಾರಸಿ ಎಂದು ತಿಳಿಯಬೇಕು. ಬಸವನಗುಡಿ, ಚಾಮರಾಜಪೇಟೆಯ ಹಳೆ ಮನೆಗಳಲ್ಲಿರುವುದು ಮದ್ರಾಸ್ ತಾರಸಿ: ತೇಗದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಬಡಿದು ಗಟ್ಟಿ ಮಾಡಿದ ಸುಣ್ಣದ ಗಾರೆ. ಸೋರುತ್ತದೆಂದು ಇದರ ಮೇಲೆ ಮೂರು ನಾಲ್ಕು ಇಂಚು ಕಾಂಕ್ರೀಟ್ ಸುರಿಸುವವರಿದ್ದಾರೆ. ಆ ಭಾರವನ್ನು ಜಂತೆ ಹೊರಬೇಕು. ಜಂತೆ ಮೊದಲು ಕೊಳೆಯುವುದು ಗೋಡೆಯೊಳಗೆ ಹೂತಿರುವ ತುದಿಯಲ್ಲಿ, ಕಣ್ಣಿಗೆ ಕಾಣದ ಕಡೆ. ಗೋಡೆಗೆ ಒತ್ತಿದ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಕಾಲು ಇಂಚಿಗಿಂತ ಆಳಕ್ಕೆ ಸುಲಭವಾಗಿ ಇಳಿದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸದೆ ಮುಂದುವರಿಯಬಾರದು. ಸೋರುವುದು ಹೆಚ್ಚಾಗಿ ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯ ಬಿರುಕಿನಲ್ಲಿ, ನೀರು ಹೋಗುವ ಬಾಯಿಯ ಸುತ್ತ, ಇಲ್ಲವೇ ಅರಳಿ ಗಿಡ ಬೇರೂರಿದ ಕಡೆ. ಗಿಡವನ್ನು ಕತ್ತರಿಸಿದರೆ ಸಾಲದು, ಬೇರಿನವರೆಗೆ ಬಿಡಿಸಿ ತೆಗೆದು ಸುಣ್ಣದ ಗಾರೆಯಿಂದಲೇ ತುಂಬಬೇಕು.

ಎಪ್ಪತ್ತು, ಎಂಬತ್ತರ ದಶಕದ ಆರ್‌ಸಿಸಿ, ಅಂದರೆ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ಹಾಕಿದ ತಾರಸಿಗೆ ಪರೀಕ್ಷೆ ಸುಲಭ: ನೀರಿನ ಬಾಯಿಗಳನ್ನು ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ಕೆಳಗಿನಿಂದ ನೋಡುವುದು. ಸಾವಿರ ಚದರಡಿಗೆ ಅಷ್ಟು ನೀರೆಂದರೆ ನಾಲ್ಕೂವರೆ ಟನ್ನಿಗೂ ಹೆಚ್ಚು. ಮದ್ರಾಸ್ ತಾರಸಿಯ ಮೇಲೆ, ಸರಳು ಹೊರಗೆ ಕಾಣುತ್ತಿರುವ ತಾರಸಿಯ ಮೇಲೆ ಈ ಪರೀಕ್ಷೆ ಬೇಡವೇ ಬೇಡ. ಕಿಟಕಿಯ ಸಜ್ಜಾ, ಬಾಲ್ಕನಿಯ ಅಡಿಯಲ್ಲಿ ಕಾಂಕ್ರೀಟ್ ಚಕ್ಕೆ ಬಿದ್ದು ಸರಳು ಕಂಡರೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆದಿದೆ ಎಂದರ್ಥ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಎರಡು ವರ್ಷಕ್ಕೆ ಮತ್ತೆ ಬೀಳುತ್ತದೆ. ತುಕ್ಕಿಲ್ಲದ ಸರಳು ಸಿಗುವವರೆಗೆ ಕೆತ್ತಿ, ಸರಳಿನ ಹಿಂಬದಿಯೂ ಕಾಣುವಂತೆ ಬಿಡಿಸಿ, ವೈರ್ ಬ್ರಷ್‌ನಿಂದ ಉಜ್ಜಿ, ಜಿಂಕ್ ಪ್ರೈಮರ್ ಬಳಿದು, ಪಾಲಿಮರ್ ಗಾರೆ ತುಂಬಿ, ಏಳು ದಿನ ನೀರು ಹಾಕಬೇಕು.

ಸಂಪಿನ ವಿಷಯದಲ್ಲಿ ಯಾರೂ ಉದಾಸೀನ ಮಾಡಬಾರದು. ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ಕಾವೇರಿ ನೀರು ಬರುವುದೂ ಒಳಚರಂಡಿ ಹೋಗುವುದೂ ರಸ್ತೆಯ ಕಡೆಗೇ. ಹಾಗಾಗಿ ನೆಲದಡಿಯ ನೀರಿನ ತೊಟ್ಟಿಯಾದ ಸಂಪು ಮತ್ತು ಒಳಚರಂಡಿಯ ಚೇಂಬರ್ ಎರಡೂ ಪೋರ್ಟಿಕೋದ ಕೆಳಗೆ ಕೆಲವೇ ಅಡಿ ಅಂತರದಲ್ಲಿರುತ್ತವೆ. ಒಳಚರಂಡಿಯ ಹಳೆ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನ ಜಾಯಿಂಟ್ ಬಿಟ್ಟಿದ್ದು, ಸಂಪಿನ ಗೋಡೆಯೂ ಬಿರುಕು ಬಿಟ್ಟಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಸಂಪು ತುಂಬಿಸಿ, ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು 24 ಗಂಟೆ ಬಿಡಿ. ಆರಡಿ ಚೌಕದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಮೂವತ್ತಮೂರು ಲೀಟರ್ ಸೋರಿದೆ ಎಂದು ಲೆಕ್ಕ. ಆಮೇಲೆ ಸಂಪು ಖಾಲಿ ಮಾಡಿಸಿ, ಚೇಂಬರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದ ಎರಡು ಬಕೆಟ್ ನೀರು ಹುಯ್ದು, ಒಂದೆರಡು ದಿನ ಸಂಪಿನ ಗೋಡೆ ನೋಡಿ. ಎಲ್ಲಾದರೂ ನೀಲಿ ಜಿನುಗಿದರೆ ಆ ನೀರು ಕುಡಿಯುವುದಿರಲಿ, ಹಲ್ಲುಜ್ಜಲೂ ಬೇಡ. ಮೊದಲು ಚರಂಡಿ ಪೈಪನ್ನು ಪಿವಿಸಿಗೆ ಬದಲಿಸಿ, ಆಮೇಲೆ ಸಂಪಿನ ಒಳಗೋಡೆ ಸರಿಮಾಡಿಸಬೇಕು. ತೊಳೆದ ಮೇಲೆ ತುಂಬಿದ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಹೊಸ ಬ್ಲೀಚಿಂಗ್ ಪೌಡರ್ ಕರಗಿಸಿ, ತಿಳಿಯನ್ನಷ್ಟೇ ಹಾಕಿ ಒಂದು ಗಂಟೆ ಬಿಡಿ. ಬಹುಕಾಲ ಮುಚ್ಚಿದ್ದ ಸಂಪಿಗೆ ಯಾರನ್ನೂ ಸಟ್ಟನೆ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಇರದಿರಬಹುದು. ರಕ್ಷಣಾ ಸಲಕರಣೆಯಿಲ್ಲದೆ ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದಂತೂ 2013ರ ಕಾಯ್ದೆಯಡಿ ಅಪರಾಧ.

ಇದೇ ಚೇಂಬರಿನಲ್ಲಿ ಇನ್ನೊಂದನ್ನು ನೋಡಿ. ಮುಚ್ಚಳ ತೆಗೆದಿಟ್ಟು, ತಾರಸಿಯ ಪೈಪಿಗೆ ಮೇಲಿನಿಂದ ಒಂದು ಕೊಡ ನೀರು ಸುರಿಯಿರಿ. ಆ ನೀರು ಚೇಂಬರಿಗೆ ಬಂದರೆ ಹಿಂದಿನವರು ಮಳೆ ನೀರನ್ನು ಒಳಚರಂಡಿಗೆ ಸೇರಿಸಿದ್ದಾರೆ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕಿ, ತಗ್ಗಿನ ಮನೆಗಳ ಬಚ್ಚಲಿಗೆ ಹಿಮ್ಮುಖವಾಗಿ ಕೊಳಚೆ ನುಗ್ಗಲು ಇದೂ ಒಂದು ಕಾರಣ. ಅದನ್ನು ಬಿಡಿಸಿ ಮಳೆ ನೀರು ಸಂಗ್ರಹಕ್ಕೆ ತಿರುಗಿಸಿ. ನಗರದ ವರ್ಷದ ಮಳೆ ಸುಮಾರು 970 ಮಿಲಿಮೀಟರ್. ಸಾವಿರ ಚದರಡಿ ತಾರಸಿಯಲ್ಲಿ ಪೋಲಾಗುವುದನ್ನು ಕಳೆದರೂ ಎಪ್ಪತ್ತು ಸಾವಿರ ಲೀಟರ್ ಸಿಗುತ್ತದೆ. ಹೇಗೆ ಮಾಡಿಸುವುದೆಂದು ಕಣ್ಣಾರೆ ನೋಡಬೇಕೆಂದವರಿಗೆ ಜಯನಗರದ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಸಂಗ್ರಹ ಉದ್ಯಾನವಿದೆ.

ಕರೆಂಟಿನ ವಿಷಯಕ್ಕೆ ಬರೋಣ. ಹಳೆ ಬೋರ್ಡುಗಳಲ್ಲಿ ಫೇಸಿಗೊಂದು, ನ್ಯೂಟ್ರಲ್‌ಗೊಂದು ಪಿಂಗಾಣಿ ಫ್ಯೂಸ್ ಇರುತ್ತದೆ. ನ್ಯೂಟ್ರಲ್ ಫ್ಯೂಸ್ ಮಾತ್ರ ಸುಟ್ಟರೆ ಬಲ್ಬು ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕರೆಂಟ್ ಹೋಗಿದೆ ಎಂದುಕೊಂಡು ಕೈ ಹಾಕಿದವರಿಗೆ ಹೊಡೆಯುತ್ತದೆ. ಇಂಥ ಬೋರ್ಡನ್ನು ಒಂದು ದಿನವೂ ಉಳಿಸಿಕೊಳ್ಳಬಾರದು. ಇನ್ನೊಂದು ಅಪಾಯ ಅರ್ಥಿಂಗಿನದು. ಎಷ್ಟೋ ಹಳೆ ಮನೆಗಳಲ್ಲಿ ಅರ್ಥ್ ತಂತಿಯನ್ನು ನೀರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಸುತ್ತಿರುತ್ತಾರೆ. ಪ್ಲಂಬರ್ ಬಂದು ತುಕ್ಕು ಹಿಡಿದ ಜಿಐ ಪೈಪ್ ತೆಗೆದು ಕರೆಂಟ್ ಹರಿಯದ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕಿದ ದಿನ, ಯಾರ ಗಮನಕ್ಕೂ ಬಾರದೆ ಇಡೀ ಮನೆಯ ಅರ್ಥಿಂಗ್ ಹೋಗುತ್ತದೆ. ಹಾಗಾಗಿ ಪೈಪ್ ಬದಲಿಸುವ ಮೊದಲೇ ಪ್ರತ್ಯೇಕ ಅರ್ಥ್ ಗುಂಡಿ ಮಾಡಿಸಿ, ಅರ್ಥ್ ಮೀಟರಿನಲ್ಲಿ 5 ಓಮ್‌ಗಿಂತ ಕಡಿಮೆ ಬಂತೇ ಎಂದು ನೋಡಿ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್, ಪ್ಲಗ್ಗುಗಳಿಗೆ 2.5, ಗೀಸರ್ ಮತ್ತು ಎಸಿಗೆ 4ರ ತಾಮ್ರದ ತಂತಿ, ಎಲ್ಲದಕ್ಕೂ ಮೇಲೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್. ಇದನ್ನು ಹಾಕಿದೊಡನೆ ಮತ್ತೆ ಮತ್ತೆ ಟ್ರಿಪ್ ಆಗುತ್ತಿದ್ದರೆ ಉಪಕರಣ ಕೆಟ್ಟಿದೆಯೆಂದು ಬೈಪಾಸ್ ಮಾಡಿಸಬೇಡಿ. ಹಳೆ ವೈರಿಂಗಿನಲ್ಲಿ ಎರಡು ಕೋಣೆಗೆ ಒಂದೇ ನ್ಯೂಟ್ರಲ್ ಎಳೆದಿರುತ್ತಾರೆ, ಇಲ್ಲವೇ ಗೋಡೆಯ ತೇವಕ್ಕೆ ತಂತಿಯಿಂದ ಕರೆಂಟ್ ಸೋರುತ್ತಿರುತ್ತದೆ. ಅದನ್ನೇ ಅದು ತೋರಿಸಿಕೊಡುತ್ತಿರುವುದು. ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ ಅಗತ್ಯವಿದ್ದರೆ ಹೆಚ್ಚಿಸಿಕೊಳ್ಳಿ. ಆರ್‌ಆರ್ ನಂಬರನ್ನು (ಕರೆಂಟ್ ಸಂಪರ್ಕದ ಸಂಖ್ಯೆ) ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಮೊದಲು ಕರೆಂಟ್, ನೀರು ಎರಡರ ಬಾಕಿಯನ್ನೂ ಮಾರಿದವರಿಂದಲೇ ಕಟ್ಟಿಸಿ.

ಗೆದ್ದಲಿಗೆ ಬಾಗಿಲ ಚೌಕಟ್ಟಿನ ಮೇಲೆ ಔಷಧ ಬಳಿದರೆ ಪ್ರಯೋಜನವಿಲ್ಲ. ನೆಲ ಗೋಡೆ ಸೇರುವ ಕಡೆ ಒಂದಡಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು ಮಣ್ಣಿಗೇ ಇಳಿಸಬೇಕು. ಕೆಂಪು ರೆಡ್ ಆಕ್ಸೈಡ್ ನೆಲವಿದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಆಸಿಡ್ ತಾಗಿಸದೆ ನೀರಿನಲ್ಲಿ ಒರೆಸಿ, ಆಗಾಗ ಸ್ವಲ್ಪ ಕೊಬ್ಬರಿ ಎಣ್ಣೆ ಉಜ್ಜುತ್ತಾ ಬಂದರೆ ಸಾಕು; ಅಂಥ ನೆಲ ಮಾಡುವ ಕೈಗಳು ಈಗ ಅಪರೂಪ.

ನಿಮ್ಮ ಪತ್ರಿಕೆಯ ಮೂಲಕ ನಗರ ಪಾಲಿಕೆಗಳಲ್ಲಿ ನನ್ನ ಬೇಡಿಕೆ ಒಂದೇ. ಮನೆಯವರು ಅಂಗಳದ ಮಣ್ಣನ್ನು ಎಷ್ಟು ಇಳಿಸಿದರೂ, ರಸ್ತೆ ಮತ್ತೆ ಏರಿದರೆ ಅಷ್ಟೂ ವ್ಯರ್ಥ. ಜ್ಯಾಕ್ ಹಾಕಿ ಮನೆಯನ್ನೇ ಎತ್ತಿಸುವುದು ಎಲ್ಲರ ಕೈಲಾಗುವ ಮಾತಲ್ಲ. ವಸತಿ ಬಡಾವಣೆಯ ಅಡ್ಡರಸ್ತೆಗಳಿಗೆ ಹೊಸ ಡಾಂಬರು ಇಲ್ಲವೇ ವೈಟ್ ಟಾಪಿಂಗ್ (ಕಾಂಕ್ರೀಟ್ ಪದರ) ಹಾಕುವ ಮೊದಲು ಹಳೆಯ ಪದರವನ್ನು ಅಷ್ಟೇ ದಪ್ಪಕ್ಕೆ ಕೆತ್ತಿ ತೆಗೆಯಬೇಕೆಂದು ಟೆಂಡರಿನಲ್ಲೇ ಬರೆಯಲಿ. ಕೆಲಸಕ್ಕೆ ಮುಂಚಿನ ರಸ್ತೆ ಮಟ್ಟವನ್ನು ರಸ್ತೆಯ ಎರಡೂ ಕೊನೆಯ ಕಾಂಪೌಂಡ್ ಗೋಡೆಗಳ ಮೇಲೆ ಬಣ್ಣದಲ್ಲಿ ಗುರುತು ಮಾಡಲಿ. ಕೆಲಸ ಮುಗಿದ ಮೇಲೆ ರಸ್ತೆ ಆ ಗೆರೆಯನ್ನು ದಾಟಿದ್ದರೆ ಗುತ್ತಿಗೆದಾರರ ಬಿಲ್ ಪಾಸ್ ಮಾಡಬಾರದು.

ಇಂತಿ,
ಹಳೆ ಮನೆಗಳ ದುರಸ್ತಿ ಕೆಲಸದಲ್ಲಿರುವ ಸಿವಿಲ್ ಎಂಜಿನಿಯರ್,
ಬಸವನಗುಡಿ, ಬೆಂಗಳೂರು