ಶನಿವಾರದ ಮಾತುಕತೆ: ಅಲ್ ಮೆಗ್ವಾಯರ್

ಗೆಳೆಯರೇ, ಈ ಶನಿವಾರ ಅಭ್ಯಾಸ ಮುಗಿದ ಮೇಲೆ ಅರ್ಧ ಗಂಟೆ ಕುಳಿತು ಅಲ್ ಮೆಗ್ವಾಯರ್ ಬಗ್ಗೆ ಮಾತನಾಡೋಣ. ಅಮೆರಿಕದ ಮಿಲ್ವಾಕಿಯಲ್ಲಿರುವ ಮಾರ್ಕೆಟ್ (Marquette) ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 13 ವರ್ಷ ತರಬೇತಿ ಕೊಟ್ಟವರು ಅವರು. ನಿವೃತ್ತಿಯನ್ನು ಮೊದಲೇ ಘೋಷಿಸಿದ್ದರು. 1977ರಲ್ಲಿ, ತಮ್ಮ ಕೊನೆಯ ಪಂದ್ಯದಲ್ಲೇ ನಾರ್ತ್ ಕ್ಯಾರೊಲಿನಾ ತಂಡವನ್ನು 67–59ರಿಂದ ಸೋಲಿಸಿ ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯಾದ ಎನ್‌ಸಿಎಎ ಪ್ರಶಸ್ತಿ ಗೆದ್ದರು. ಆಟ ಇನ್ನೂ ಮುಗಿದಿರಲಿಲ್ಲ, ಬೆಂಚಿನ ಮೇಲೆ ಕುಳಿತಲ್ಲೇ ಅತ್ತುಬಿಟ್ಟರು. ಆ ದೃಶ್ಯ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಬಳಿಕ ಎನ್‌ಬಿಸಿ ವಾಹಿನಿಯಲ್ಲಿ ಡಿಕ್ ಎನ್ಬರ್ಗ್, ಬಿಲ್ಲಿ ಪ್ಯಾಕರ್ ಜತೆ ವೀಕ್ಷಕ ವಿವರಣೆಗೆ ಕುಳಿತರು. 1979ರಲ್ಲಿ, ಮುಂದೆ ದೊಡ್ಡ ತಾರೆಗಳಾದ ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಎದುರಾದ ಎನ್‌ಸಿಎಎ ಫೈನಲ್‌ಗೂ ಈ ಮೂವರದೇ ಧ್ವನಿ.

1977ರ ಪಂದ್ಯದ ಕೊನೆಯ ಹತ್ತು ನಿಮಿಷವನ್ನು ದಯವಿಟ್ಟು ನೋಡಿಕೊಂಡೇ ಬನ್ನಿ.